ಆರಾಧನೆಯಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ನಿಜವಾದ ಪಾಲು ಕೊಡುವುದು ಹೇಗೆ?

ಪ್ರಶ್ನೆ: ಸಂಡೇ ಸ್ಕೂಲ್ ಟೀಚರ್

ಎಲ್ಲರಿಗೂ ವಂದನೆಗಳು. ನಾನು ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆರಾಧನೆ ಶುರುವಾಗಿ ಎರಡು ಹಾಡು ಮುಗಿದ ಕೂಡಲೇ ಪಾಸ್ಟರ್ "ಮಕ್ಕಳು ಕ್ಲಾಸಿಗೆ ಹೋಗಬಹುದು" ಎನ್ನುತ್ತಾರೆ. ಮಕ್ಕಳೆಲ್ಲ ಎದ್ದು ಹಿಂದಿನ ಕೋಣೆಗೆ ಬರುತ್ತಾರೆ. ಕತೆ, ಬಾಯಿಪಾಠದ ವಚನ, ಬಣ್ಣ ಹಚ್ಚುವುದು ನಡೆಯುತ್ತದೆ. ಆಶೀರ್ವಾದ ಆದ ಮೇಲೆ ತಂದೆತಾಯಿ ಬಂದು ಕರೆದುಕೊಂಡು ಹೋಗುತ್ತಾರೆ. ಕ್ಲಾಸ್ ಚೆನ್ನಾಗಿಯೇ ಇದೆ. ಮಕ್ಕಳು ಖುಷಿಯಿಂದ ಬರುತ್ತಾರೆ.

ನನಗೆ ಚಿಂತೆ ಇರುವುದು ಅದರ ನಂತರದ ಬಗ್ಗೆ. ಹದಿಮೂರು ವರ್ಷಕ್ಕೆ ಕ್ಲಾಸ್ ಮುಗಿಯುತ್ತದೆ. ಅಲ್ಲಿಂದ ಮುಂದೆ ದೊಡ್ಡವರ ಜೊತೆ ಕೂರಬೇಕು. ಆದರೆ ಇಷ್ಟು ವರ್ಷ ಅವರು ಪೂರ್ತಿ ಆರಾಧನೆಯನ್ನು ನೋಡಿಯೇ ಇಲ್ಲ. ಪಾಪದ ಅರಿಕೆ ಯಾವಾಗ ಬರುತ್ತದೆ, ವಿಶ್ವಾಸ ಪ್ರಮಾಣಕ್ಕೆ ಎಲ್ಲರೂ ಯಾಕೆ ಏಳುತ್ತಾರೆ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿರುವುದಿಲ್ಲ. ಮೊದಮೊದಲು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಆಮೇಲೆ ಬಾಗಿಲ ಹೊರಗೆ ನಿಲ್ಲುತ್ತಾರೆ. ಕೊನೆಗೆ ಬರುವುದನ್ನೇ ಬಿಡುತ್ತಾರೆ.

ಹೋದ ವರ್ಷ ಕ್ಲಾಸ್ ಮುಗಿಸಿದ ಹುಡುಗಿಯೊಬ್ಬಳು ಈಚೆಗೆ ನನ್ನ ಹತ್ತಿರ ಬಂದು, "ಟೀಚರ್, ನಾನು ನಿಮ್ಮ ಕ್ಲಾಸಿಗೇ ಬಂದು ಚಿಕ್ಕವರಿಗೆ ಕ್ರೇಯಾನ್ ಹಂಚಲಾ? ಅಲ್ಲಿ ನನಗೇನೂ ಕೆಲಸ ಇಲ್ಲ" ಎಂದಳು. ಅವಳ ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಈ ವಿಷಯವನ್ನು ಕಮಿಟಿ ಮುಂದೆ ಇಟ್ಟೆ. ತಿಂಗಳಿಗೊಮ್ಮೆ "ಮಕ್ಕಳ ಭಾನುವಾರ" ಮಾಡೋಣ, ಅಭಿನಯ ಗೀತೆ, ಕಿರುನಾಟಕ ಇರಲಿ ಎಂದರು. ಅವರ ಮನಸ್ಸು ಒಳ್ಳೆಯದು. ಆದರೆ ಉಳಿದ ಭಾನುವಾರಗಳಲ್ಲಿ ಆ ಮಕ್ಕಳು ಎಲ್ಲಿರುತ್ತಾರೆ ಎನ್ನುವುದೇ ನನ್ನ ಪ್ರಶ್ನೆ. ಮಕ್ಕಳು ಪೂರ್ತಿ ಹೊತ್ತು ಇದ್ದರೆ ಗಲಾಟೆ ಜಾಸ್ತಿ ಆಗುತ್ತದೆ ಎಂದು ಹಿರಿಯರು ಕೆಲವರು ಹೇಳುತ್ತಿದ್ದಾರೆ. ನಾಚಿಕೆ ಸ್ವಭಾವದ ಮಕ್ಕಳನ್ನು ಏನು ಮಾಡಬೇಕು ಎಂಬುದೂ ನನಗೆ ತಿಳಿಯುತ್ತಿಲ್ಲ. ನಿಮ್ಮ ಸಭೆಗಳಲ್ಲಿ ಮಾಡಿ ನೋಡಿದ್ದು ಏನಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ. ಕಮಿಟಿ ಮುಂದೆ ಇಡಲು ಗಟ್ಟಿಯಾದದ್ದು ಬೇಕು.

ಉತ್ತರ: ಇಬ್ಬರು ಚಿಕ್ಕ ಮಕ್ಕಳ ತಾಯಿ

ತುಂಬಾ ಚಿಕ್ಕ ಮಕ್ಕಳ ಬಗ್ಗೆ ಮಾತ್ರ ಹೇಳುತ್ತೇನೆ, ಸಿಸ್ಟರ್. ಮುಂದೆ ಕೂರಿಸಿ. ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹಿಂದೆ ಕೂರುತ್ತಾರೆ, ಯಾರಿಗೂ ತೊಂದರೆ ಆಗಬಾರದು ಅಂತ. ಅಲ್ಲಿ ಕೂತ ಮಗುವಿಗೆ ಕಾಣುವುದು ಬೆನ್ನುಗಳು ಮಾತ್ರ. ಏನೂ ಕಾಣದಿದ್ದರೆ ಮಗು ಬೆಂಚಿನ ಕೆಳಗೆ ನುಸುಳದೆ ಇನ್ನೇನು ಮಾಡೀತು? ನಾವು ಎರಡನೇ ಸಾಲಿನ ಅಂಚಿನಲ್ಲಿ ಕೂರುತ್ತೇವೆ. ಅಳು ಬಂದರೆ ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತೇನೆ, ಸಮಾಧಾನ ಆದ ಮೇಲೆ ವಾಪಸ್ ಬರುತ್ತೇನೆ. ವಾಪಸ್ ಬರುವುದು ಮುಖ್ಯ. ಹೊರಗೇ ಉಳಿದರೆ ಅತ್ತರೆ ಆಟ ಸಿಗುತ್ತದೆ ಎಂದು ಮಗು ಕಲಿಯುತ್ತದೆ.

ಇನ್ನೊಂದು, ಮುಂದೆ ಏನು ಬರುತ್ತದೆ ಎಂದು ಮಗುವಿನ ಕಿವಿಯಲ್ಲಿ ಹೇಳುತ್ತಿರುತ್ತೇನೆ. "ಈಗ ಎಲ್ಲರೂ ಸೇರಿ ದೇವರ ಹತ್ತಿರ ಕ್ಷಮೆ ಕೇಳುತ್ತೇವೆ." "ಈಗ ಕಾಣಿಕೆ, ನೀನೇ ಹಾಕು." ಚಿಕ್ಕವಳಿಗೆ ಓದಲು ಬರುವುದಿಲ್ಲ. ಆದರೂ ಕರ್ತನ ಪ್ರಾರ್ಥನೆಯಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಎಲ್ಲರಿಗಿಂತ ಮೊದಲೇ ಶುರು ಮಾಡುತ್ತಾಳೆ. ಪ್ರತಿ ವಾರ ಅದೇ ಮಾತುಗಳು ಬರುವುದು ಚಿಕ್ಕ ಮಕ್ಕಳಿಗೆ ದೊಡ್ಡ ಸಹಾಯ. ಬದಲಾಗದೆ ಬರುವ ಭಾಗಗಳೇ ಅವರಿಗೆ ಮೊದಲು ಬಾಯಿಗೆ ಬರುತ್ತವೆ.

ಕಮಿಟಿಗೆ ಒಂದು ಮಾತು ಹೇಳಿ. ಮಕ್ಕಳ ಸದ್ದು ಇಲ್ಲಿ ತೊಂದರೆ ಅಲ್ಲ ಎಂದು ಪಾಸ್ಟರ್ ವೇದಿಕೆಯಿಂದ ಒಮ್ಮೆ ಬಾಯಿಬಿಟ್ಟು ಹೇಳಲಿ. ನಮ್ಮಲ್ಲಿ ಹಾಗೆ ಹೇಳಿದ ದಿನದಿಂದ ತಿರುಗಿ ನೋಡುವ ಕಣ್ಣುಗಳು ಕಡಿಮೆಯಾದವು. ತಾಯಂದಿರಿಗೆ ಅದೇ ಅರ್ಧ ಬಲ.

ಉತ್ತರ: ವಾಚಕರ ತಂಡ ನೋಡಿಕೊಳ್ಳುವವರು

ನಮ್ಮ ಸಭೆಯಲ್ಲಿ ಸತ್ಯವೇದ ವಾಚನ, ವಿಜ್ಞಾಪನೆ ಪ್ರಾರ್ಥನೆ ಇವೆರಡರ ಜವಾಬ್ದಾರಿ ನನ್ನದು. ಬಹಳ ವರ್ಷಗಳಿಂದ ಮಕ್ಕಳನ್ನೂ ಆ ಪಟ್ಟಿಯಲ್ಲಿ ಸೇರಿಸಿಕೊಂಡು ಬಂದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಹುಡುಗಿ ಸರಿಯಾದ ಮಾತನ್ನೇ ಹೇಳಿದ್ದಾಳೆ. ಅವಳು ಕೇಳಿದ್ದು ಕೆಲಸ. ಕಮಿಟಿ ಕೊಡಲು ಹೊರಟಿರುವುದು ಪ್ರದರ್ಶನ. ಇವೆರಡರ ವ್ಯತ್ಯಾಸ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಆ ಮಗು ಅವತ್ತು ಬಾರದಿದ್ದರೆ ಆರಾಧನೆಗೆ ಏನಾದರೂ ಕೊರತೆ ಆಗುತ್ತದಾ? ಅಭಿನಯ ಗೀತೆಯಲ್ಲಿ ಒಬ್ಬರು ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಸುವಾರ್ತೆ ಓದಬೇಕಾದವಳು ಬಾರದಿದ್ದರೆ ಬೇರೆಯವರು ಓದಲೇಬೇಕು. ತನ್ನಿಂದ ಸಭೆಗೆ ಏನೋ ಆಗಬೇಕಿದೆ ಎನ್ನುವುದು ಮಗುವಿಗೆ ಗೊತ್ತಾಗುತ್ತದೆ. ಶನಿವಾರ ರಾತ್ರಿ ಬೇಗ ಮಲಗುವುದು ಆ ಮಗುವೇ.

ಕಮಿಟಿಯಲ್ಲಿ "ಇದೆಲ್ಲ ಹೊಸ ಪದ್ಧತಿ" ಎಂದು ಯಾರಾದರೂ ಹೇಳಿದರೆ ಸತ್ಯವೇದವನ್ನೇ ತೆಗೆಯಿರಿ. ಯೆಹೋಶುವ 8:35ರಲ್ಲಿ ಧರ್ಮಶಾಸ್ತ್ರವನ್ನು ಓದಿದ್ದು ಹೆಂಗಸರೂ ಮಕ್ಕಳೂ ಪರದೇಶದವರೂ ಸೇರಿದ್ದ ಇಡೀ ಸಭೆಯ ಮುಂದೆ. ಯೋವೇಲ 2:16ರಲ್ಲಿ ಉಪವಾಸದ ಸಭೆಗೆ ಹಾಲು ಕುಡಿಯುವ ಕೂಸನ್ನೂ ಕರೆತರಬೇಕು ಎಂದಿದೆ. ಉಪವಾಸಕ್ಕೆ! ವಿಮೋಚನಕಾಂಡ 12:26ರಲ್ಲಿ ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕದ ಆಚರಣೆ ನೋಡಿ ಮಕ್ಕಳು "ಇದೇನು?" ಎಂದು ಕೇಳುತ್ತಾರೆ, ಆಗ ಹೇಳಿ ಎಂದಿದೆ. ಮಗು ಅಲ್ಲೇ ಇದ್ದು ಕಣ್ಣಾರೆ ನೋಡಿದರೆ ತಾನೇ ಕೇಳುವುದು? ಎಫೆಸ 6ರಲ್ಲಿ ಪೌಲ ನೇರವಾಗಿ "ಮಕ್ಕಳೇ" ಎಂದು ಕರೆದು ಮಾತಾಡುತ್ತಾನೆ. ಅವನ ಪತ್ರಗಳನ್ನು ಓದುತ್ತಿದ್ದದ್ದು ಸಭೆ ಕೂಡಿದಾಗ. ಪತ್ರ ಓದುವಾಗ ಮಕ್ಕಳು ಎದುರಿಗೆ ಕೂತಿರುತ್ತಾರೆ ಎಂದು ತಿಳಿದೇ ಅವನು ಬರೆದಿದ್ದಾನೆ.

ಸಭೆಯ ಚರಿತ್ರೆಯಲ್ಲೂ ಇದು ಕಾಣುತ್ತದೆ. 4ನೇ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಹೆಂಗಸು ಯೆರೂಸಲೇಮಿಗೆ ಯಾತ್ರೆ ಹೋಗಿ ಅಲ್ಲಿನ ಆರಾಧನೆಯನ್ನು ಬರೆದಿಟ್ಟಿದ್ದಾಳೆ. ಸಂಜೆಯ ಪ್ರಾರ್ಥನೆಯಲ್ಲಿ ಸಭಾಸೇವಕ ಒಬ್ಬೊಬ್ಬರ ಹೆಸರು ಓದುತ್ತಾನೆ. ಪ್ರತಿ ಹೆಸರಿಗೂ ಅಲ್ಲಿ ನಿಂತ ಮಕ್ಕಳು "ಕಿರಿಯೆ ಎಲೇಸೋನ್" ಎನ್ನುತ್ತಾರೆ. ಅಂದರೆ ಕರ್ತನೇ ಕರುಣಿಸು. ಆ ದನಿಗಳಿಗೆ ಲೆಕ್ಕವೇ ಇಲ್ಲ ಎಂದು ಅವಳು ಬರೆಯುತ್ತಾಳೆ. ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ನಡೆಯಲಾಗದ ಕೂಸುಗಳನ್ನು ತಂದೆತಾಯಿ ಹೆಗಲ ಮೇಲೆ ಹೊತ್ತಿದ್ದರಂತೆ. ನಮ್ಮಲ್ಲಿ ಎಲ್ಲರಿಗಾಗಿ ಬೇಡುವ ವಿಜ್ಞಾಪನೆ ಪ್ರಾರ್ಥನೆ ಇದೆ ಅಲ್ವಾ? ಅದಕ್ಕೆ "ಕರ್ತನೇ, ಕೇಳು" ಎಂದು ಉತ್ತರ ಕೊಡುವುದನ್ನು ಪೂರ್ತಿ ಮಕ್ಕಳಿಗೇ ಬಿಟ್ಟರೆ ಐದು ವರ್ಷದ ಮಗುವಿಗೂ ಪಾಲು ಸಿಗುತ್ತದೆ. ಓದು ಬರಬೇಕಿಲ್ಲ. ಒಬ್ಬರೇ ನಿಲ್ಲಬೇಕಿಲ್ಲ. ನಾಚಿಕೆ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸಂಡೇ ಸ್ಕೂಲಿನ ಬಗ್ಗೆಯೂ ಒಂದು ಮಾತು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ರಾಬರ್ಟ್ ರೈಕ್ಸ್ ಭಾನುವಾರದ ಶಾಲೆ ಶುರು ಮಾಡಿದ್ದು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಓದು ಕಲಿಸಲು. ಅವರ ದಿನಚರಿ ನೋಡಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಪಾಠ. ಮನೆಗೆ ಹೋಗಿ ಒಂದು ಗಂಟೆಗೆ ಮತ್ತೆ ಬರಬೇಕು. ಒಂದು ಪಾಠ ಓದಿಸಿ ಎಲ್ಲರನ್ನೂ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದರು. ಅಂದರೆ ಶಾಲೆ ಆರಾಧನೆಯ ಹೊತ್ತಿಗೆ ನಡೆಯುತ್ತಿರಲಿಲ್ಲ. ನೀವು ಕ್ಲಾಸನ್ನು ಆರಾಧನೆಗೆ ಮುಂಚೆ ಇಡಲು ಆಗುತ್ತದಾ ಎಂದು ನೋಡಿ. ಆಗದಿದ್ದರೆ ಪ್ರಸಂಗದ ಹೊತ್ತಿಗೆ ಮಾತ್ರ ಕರೆದುಕೊಂಡು ಹೋಗಿ, ಪ್ರಾರ್ಥನೆಗೆ ಮುಂಚೆ ವಾಪಸ್ ತನ್ನಿ. ಅಷ್ಟು ಬದಲಾದರೂ ಅರಿಕೆ, ವಿಶ್ವಾಸ ಪ್ರಮಾಣ, ಕರ್ತನ ಭೋಜನದ ಮೇಜು, ಆಶೀರ್ವಾದ ಎಲ್ಲವನ್ನೂ ಮಕ್ಕಳು ನೋಡುತ್ತಾರೆ.

ಈಗ ವಾಚನಕ್ಕೆ ಬರುತ್ತೇನೆ. ಎಂಟು ಒಂಬತ್ತು ವರ್ಷದ ಮಗು ಚೆನ್ನಾಗಿ ಓದಬಲ್ಲದು. ಆದರೆ ಭಾನುವಾರ ಬೆಳಿಗ್ಗೆ ಕೈಗೆ ಪುಸ್ತಕ ಕೊಟ್ಟು "ಓದು ಮರಿ" ಎಂದರೆ ಆಗದು. ಅದು ಮಗುವಿಗೂ ಅನ್ಯಾಯ, ಕೇಳುವವರಿಗೂ ಅನ್ಯಾಯ. ಮೊದಲಿಗೆ ಕತೆ ಇರುವ ಭಾಗ ಆರಿಸಿ. ರೋಮಾಪುರದ ಪತ್ರದ ಉದ್ದ ವಾಕ್ಯಗಳು ಬೇಡ. ಸಮುವೇಲನನ್ನು ದೇವರು ಕರೆದದ್ದು, ನಾಮಾನನ ಮನೆಯ ಪುಟ್ಟ ಸೇವಕಿ, ಜಕ್ಕಾಯ, ಬಿರುಗಾಳಿ ಶಾಂತವಾದದ್ದು, ಇಂಥವು. ಭಾಗವನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ಮಾಡಿ ವಾರದ ಮೊದಲೇ ಕೊಡುತ್ತೇನೆ.

ಒಂಬತ್ತು ವರ್ಷದ ಹುಡುಗಿಗೆ ಮಾರ್ಕ 4:35ರಿಂದ 41 ಕೊಟ್ಟಿದ್ದೆ. ಅವಳು ಓದುವ ಮೊದಲು ನಾನು ಒಮ್ಮೆ ಓದಿದೆ. ಆಮೇಲೆ ಹಾಳೆ ಮುಚ್ಚಿಟ್ಟು ಕತೆ ಹೇಳು ಎಂದೆ. ಅವಳು ಹೇಳುತ್ತಾ ಬಂದು ಕೊನೆಯಲ್ಲಿ ತಡೆದಳು. "ಗಾಳಿ ನಿಂತಿತಲ್ಲ, ಆಮೇಲೂ ಅವರು ಯಾಕೆ ಹೆದರಿದರು?" ಎಂದು ನನ್ನನ್ನೇ ಕೇಳಿದಳು. ಹಾಳೆ ತೆಗೆದು ಇಬ್ಬರೂ ಮತ್ತೆ ನೋಡಿದೆವು. ನಿಜ, ಅಲೆ ಎದ್ದಾಗ ಅಲ್ಲ, ಎಲ್ಲ ಶಾಂತವಾದ ಮೇಲೆಯೇ ಶಿಷ್ಯರು ಬಹಳ ಹೆದರಿದರು ಎಂದು ಮಾರ್ಕ ಬರೆದಿರುವುದು. "ಅವರಿಗೆ ಈಗ ಯೇಸುವನ್ನು ನೋಡಿ ಭಯ" ಎಂದಳು. ಅಲ್ಲಿಂದ ಅವಳು ಕೊನೆಯ ವಚನವನ್ನು ಓದುವ ರೀತಿಯೇ ಬೇರೆಯಾಯಿತು. ಮೊದಲು ಒಂದೇ ಸಮನೆ ಓದುತ್ತಿದ್ದವಳು ಈಗ ಗಾಳಿ ನಿಂತ ಜಾಗದಲ್ಲಿ ತಾನೂ ನಿಂತಳು, "ಈತನು ಯಾರು" ಎಂಬುದನ್ನು ಮೆಲ್ಲಗೆ, ಕೇಳುವ ಹಾಗೆ ಓದಿದಳು. ಅದನ್ನು ನಾನು ಹೇಳಿಕೊಡಲಿಲ್ಲ.

ಅರ್ಥ ಆದ ಮೇಲೆ ಉಳಿದದ್ದು ಸುಲಭ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು, ಹೆಚ್ಚು ಹೊತ್ತು ನಿಲ್ಲುವ ಜಾಗಕ್ಕೆ ಎರಡು ಗೀಟು. ಕಷ್ಟದ ಹೆಸರಿದ್ದರೆ ಬಿಡಿಸಿ ಮೇಲೆ ಬರೆದುಕೊಡಿ. ಶನಿವಾರ ಖಾಲಿ ಚರ್ಚಿನಲ್ಲಿ ಮೈಕ್ ಹಾಕಿ ಒಮ್ಮೆ ಓದಿಸಿ. ನೀವು ಕೊನೆಯ ಬೆಂಚಿನಲ್ಲಿ ನಿಲ್ಲಿ, ಕೇಳದಿದ್ದರೆ ಕೈ ಎತ್ತಿ. ಕಾಲ ಕೆಳಗೆ ಅಲುಗಾಡದ ಮರದ ಪೆಟ್ಟಿಗೆ ಇಡಿ. ವಾಚನಪೀಠದ ಹಿಂದೆ ಬರೀ ಕೂದಲು ಕಾಣುವ ಹಾಗೆ ಮಗುವನ್ನು ನಿಲ್ಲಿಸಬೇಡಿ. ಮೈಕು ಬಾಯಿಗೆ ನೇರವಾಗಿ ಬೇಡ, ಒಂದು ಗೇಣು ದೂರ, ಸ್ವಲ್ಪ ಕೆಳಗೆ ಇರಲಿ. ಪೀಠಕ್ಕೆ ಬಂದ ಮೇಲೆ ಜನರನ್ನು ಒಮ್ಮೆ ನೋಡಿ, ಮನಸ್ಸಿನಲ್ಲೇ ಮೂರು ಎಣಿಸಿ ಶುರು ಮಾಡಲು ಹೇಳಿ. ದೊಡ್ಡವರಿಗೂ ನಾನು ಇದನ್ನೇ ಕಲಿಸುವುದು.

ಓದಿದ ಮೇಲೆ ಚಪ್ಪಾಳೆ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ದೊಡ್ಡವರು ಓದಿದಾಗ ತಟ್ಟುತ್ತೇವಾ? ಚಪ್ಪಾಳೆ ತಟ್ಟಿದ ಕೂಡಲೇ ಅದು ದೇವರ ವಾಕ್ಯ ಅಲ್ಲ, ಮಗುವಿನ ಸಾಮರ್ಥ್ಯ ಆಗಿಬಿಡುತ್ತದೆ. ಮುಂದಿನ ವಾರ ಇನ್ನೊಂದು ಮಗು ತಡವರಿಸಿದರೆ ಚಪ್ಪಾಳೆಯ ಸದ್ದು ಸಣ್ಣದಾಗುತ್ತದೆ. ಅದು ಆ ಮಗುವಿಗೆ ಕೇಳಿಸುತ್ತದೆ.

ವಿಜ್ಞಾಪನೆ ಪ್ರಾರ್ಥನೆಗೆ ಮಕ್ಕಳದೇ ವಾಕ್ಯ ಇರಲಿ. ಈ ವಾರ ಯಾರಿಗಾಗಿ ಬೇಡೋಣ ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆಸಿ. "ನಮ್ಮ ಶಾಲೆ ಬಸ್ಸಿನ ಡ್ರೈವರ್ ಅಂಕಲ್ ಕಾಲು ಮುರಿದಿದೆ, ಬೇಗ ವಾಸಿ ಮಾಡು" ಎಂಬುದನ್ನು "ರೋಗಪೀಡಿತರಾದ ಸಮಸ್ತರನ್ನೂ" ಎಂದು ತಿದ್ದಬೇಡಿ. ಆದರೆ ಮೊದಲೇ ಓದಿ ನೋಡಿ. ಮಕ್ಕಳು ಮನೆಯ ನೋವನ್ನೂ ಬರೆಯುತ್ತಾರೆ. ಮೈಕಿನಲ್ಲಿ ಹೇಳಬಾರದ್ದು ಇದ್ದರೆ ಆ ಮಗುವಿನ ಜೊತೆ ಕೂತು ಅಲ್ಲೇ ಪ್ರಾರ್ಥಿಸಿ, ಪಾಸ್ಟರಿಗೆ ತಿಳಿಸಿ.

ಉತ್ತರ: ಸ್ಲೈಡ್ ಹಾಕುವ ಹುಡುಗ

ನನಗೆ ಹದಿನೇಳು. ನಾನು ನಮ್ಮ ಚರ್ಚಿನಲ್ಲಿ ಹಾಡಿನ ಸ್ಲೈಡ್ ಹಾಕುತ್ತೇನೆ. ಸುಮ್ನೆ ಬಟನ್ ಒತ್ತುವುದು ಅಂದುಕೊಳ್ಳಬೇಡಿ. ಸಾಲು ಪೂರ್ತಿ ಮುಗಿದ ಮೇಲೆ ಬದಲಿಸಿದರೆ ತಡ ಆಯಿತು. ಕೊನೆಯ ಪದ ಶುರುವಾದಾಗಲೇ ಒತ್ತಬೇಕು, ಆಗ ಜನರಿಗೆ ಮುಂದಿನ ಸಾಲು ಸಿಗುತ್ತದೆ. ಒಂದು ಕ್ಷಣ ಆಚೆ ಈಚೆ ಆದರೆ ಇಡೀ ಸಭೆ ಹಾಡುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಹಾಡು ಗೊತ್ತಿರಬೇಕು, ಹಾಡಿಸುವವರು ಚರಣವನ್ನು ಮತ್ತೆ ಹೇಳುತ್ತಾರಾ ಎಂದು ಅವರ ಮುಖ ನೋಡುತ್ತಿರಬೇಕು. ನನಗೆ ಈ ಕೆಲಸ ಇಷ್ಟ. ಅಲ್ಲಿ ಕೂತು ನಾನೂ ಹಾಡುತ್ತೇನೆ.

ಆದರೆ ನಮ್ಮ ವಯಸ್ಸಿನವರಿಗೆ ಸಿಗುವುದು ಬರೀ ಇಂಥದ್ದೇ. ಕುರ್ಚಿ ಜೋಡಿಸು, ಸ್ಪೀಕರ್ ಎತ್ತು, ಲೈವ್ ನೋಡಿಕೋ. ಯಾವ ಹಾಡು ಹಾಡಬೇಕು, ಯಾವುದಕ್ಕಾಗಿ ಪ್ರಾರ್ಥಿಸಬೇಕು ಎಂದು ಯಾರೂ ಕೇಳುವುದಿಲ್ಲ. ಯೂತ್ ಸಂಡೇ ಬಂದಾಗ ಮಾತ್ರ "ನಿಮಗೆ ಬೇಕಾದ ಹಾಗೆ ಮಾಡಿ" ಎಂದು ಎಲ್ಲವನ್ನೂ ಕೊಡುತ್ತಾರೆ. ಮಾರನೇ ವಾರ ಮತ್ತೆ ಕುರ್ಚಿ. ನಮಗೆ ಜೋರು ಸಂಗೀತ ಬೇಕು ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ನಮ್ಮ ಯೂತ್ ಫೆಲೋಶಿಪ್‌ನಲ್ಲಿ ಹಳೆಯ ಕೀರ್ತನೆಗಳನ್ನು ಇಷ್ಟಪಡುವವರು ಎಷ್ಟೋ ಮಂದಿ ಇದ್ದಾರೆ. ಅದರ ಅರ್ಥ ಯಾರಾದರೂ ಹೇಳಿಕೊಟ್ಟರೆ ಸಾಕು.

ನಮ್ಮಲ್ಲಿ ಈಗ ಒಂದು ನಡೆಯುತ್ತಿದೆ, ಅದು ನಿಜವಾಗಿ ಒಳ್ಳೆಯದು. ಪಾಸ್ಟರ್ ಮಂಗಳವಾರ ಸಂಜೆ ನಮ್ಮಲ್ಲಿ ನಾಲ್ಕು ಜನರ ಜೊತೆ ಅರ್ಧ ಗಂಟೆ ಕೂರುತ್ತಾರೆ. ಭಾನುವಾರದ ವಾಕ್ಯಭಾಗ ಓದಿ "ನಿಮಗೆ ಇಲ್ಲಿ ಏನು ಅರ್ಥ ಆಗಲಿಲ್ಲ, ಏನು ಒಪ್ಪಲು ಕಷ್ಟ" ಎಂದು ಕೇಳುತ್ತಾರೆ. ಉತ್ತರ ಕೊಡುವುದಿಲ್ಲ, ಬರೆದುಕೊಳ್ಳುತ್ತಾರೆ. ನಾವು ಕೇಳಿದ್ದು ಭಾನುವಾರ ಪ್ರಸಂಗದಲ್ಲಿ ಬರುತ್ತದೆ. ಹೆಸರು ಹೇಳುವುದಿಲ್ಲ, ಆದರೆ ನಮಗೆ ಗೊತ್ತಾಗುತ್ತದೆ. ಆ ನಾಲ್ಕು ಜನ ಪ್ರಸಂಗದ ಹೊತ್ತಿನಲ್ಲಿ ಫೋನ್ ತೆಗೆಯುವುದಿಲ್ಲ.

ಅಪೊಸ್ತಲರ ಕೃತ್ಯಗಳು 20ರಲ್ಲಿ ಯೂತಿಖ ಎಂಬ ಯೌವನಸ್ಥ ಇದ್ದಾನೆ. ಪೌಲ ಮಧ್ಯರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದವನು ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಬಿದ್ದ. ಇದನ್ನು ಯಾವಾಗಲೂ ನಮಗೆ ಬುದ್ಧಿ ಹೇಳಲು ಎತ್ತುತ್ತಾರೆ. ನಾನು ಓದಿದಾಗ ಕಂಡದ್ದು ಬೇರೆ. ಪೌಲ ಅವನನ್ನು ಬೈದ ಎಂದು ಎಲ್ಲೂ ಇಲ್ಲ. ಮಾತು ನಿಲ್ಲಿಸಿ ಕೆಳಗಿಳಿದು ಬಂದ, ಅವನನ್ನು ತಬ್ಬಿಕೊಂಡ. ಆಮೇಲೆ ಮೇಲೆ ಹೋಗಿ ರೊಟ್ಟಿ ಮುರಿದ. ನಾವು ಕಿಟಕಿಯಲ್ಲಿ ಕೂತಿದ್ದೇವೆ ಎಂದು ಗೊತ್ತಿದ್ದರೆ ಕೆಳಗೆ ಬೀಳುವವರೆಗೆ ಯಾಕೆ ಕಾಯಬೇಕು?

ಟೀಚರ್, ಆ ಹುಡುಗಿಗೆ ಕ್ರೇಯಾನ್ ಹಂಚಲು ಬಿಡಿ, ಅದೂ ಸೇವೆಯೇ. ಆದರೆ ಪ್ರತಿ ವಾರ ಬೇಡ. ಪ್ರತಿ ವಾರ ಹಿಂದಿನ ಕೋಣೆಯಲ್ಲಿದ್ದರೆ ಅವಳು ಆರಾಧನೆಗೆ ಬರುವುದು ಯಾವಾಗ? ಪರೀಕ್ಷೆ ಹೊತ್ತಿನಲ್ಲಿ ನಮ್ಮ ಹೆಸರು ಪಟ್ಟಿಯಿಂದ ತೆಗೆಯಿರಿ, ಬೇಸರ ಮಾಡಿಕೊಳ್ಳಬೇಡಿ. ಮುಗಿದ ಮೇಲೆ ಮತ್ತೆ ಹಾಕಿ.

ಉತ್ತರ: ಧರ್ಮಶಿಕ್ಷಣದ ಶಿಕ್ಷಕಿ

ನಾನು ಕಥೋಲಿಕ ಸಭೆಯವಳು. ನಮ್ಮ ಪದ್ಧತಿ ಬೇರೆ, ಆದರೂ ಕಷ್ಟ ಒಂದೇ. ನಮಗೆ ಒಂದು ಅನುಕೂಲ ಎಂದರೆ ಇದಕ್ಕಾಗಿಯೇ ರೋಮ್‌ನಿಂದ ಬಂದ ಮಾರ್ಗಸೂಚಿ ಇದೆ. ಮಕ್ಕಳೊಂದಿಗಿನ ಬಲಿಪೂಜೆ ಹೇಗಿರಬೇಕು ಎಂದು 1973ರಲ್ಲಿ ಹೊರಡಿಸಿದ್ದು. ವಾಚನಗಳನ್ನು ಕಡಿಮೆ ಮಾಡಬಹುದು, ಆದರೆ ಶುಭಸಂದೇಶವನ್ನು, ಅಂದರೆ ಸುವಾರ್ತೆಯ ಭಾಗವನ್ನು, ಬಿಡುವಂತಿಲ್ಲ ಎಂದು ಅದರಲ್ಲಿದೆ. ಮಕ್ಕಳ ಮಟ್ಟಕ್ಕೆ ಮಾತಾಡುವುದು ಗುರುಗಳಿಗೆ ಕಷ್ಟವಾದರೆ, ಅವರ ಒಪ್ಪಿಗೆಯಿಂದ ಸಾಮಾನ್ಯ ವಿಶ್ವಾಸಿಯೊಬ್ಬರು ಮಾತಾಡಬಹುದು ಎಂದೂ ಇದೆ. ಮರುವರ್ಷ ಮಕ್ಕಳಿಗಾಗಿಯೇ ಮೂರು ಪರಮಪ್ರಸಾದ (ನೀವು ಕರ್ತನ ಭೋಜನ ಎನ್ನುವುದು) ಪ್ರಾರ್ಥನೆಗಳು ಬಂದವು. ಅವುಗಳಲ್ಲಿ ಮಕ್ಕಳು ನಡುನಡುವೆ ದನಿಗೂಡಿಸುವ ಘೋಷಣೆಗಳು ಜಾಸ್ತಿ.

ನನಗೆ ಆ ಮಾರ್ಗಸೂಚಿಯಲ್ಲಿ ತುಂಬಾ ಹಿಡಿಸಿದ್ದು ಮೌನದ ಬಗ್ಗೆ ಇರುವ ಮಾತು. ಮಕ್ಕಳೆಂದರೆ ಬರೀ ಕುಣಿತ, ಕೈ ಅಭಿನಯ ಎಂದುಕೊಂಡು ಹೊರಗಿನ ಚಟುವಟಿಕೆಯನ್ನೇ ತುಂಬಬೇಡಿ, ಮಕ್ಕಳಿಗೂ ಅವರದೇ ರೀತಿಯಲ್ಲಿ ಧ್ಯಾನ ಮಾಡುವ ಶಕ್ತಿ ಇದೆ ಎನ್ನುತ್ತದೆ. ಇದು ಪೂರ್ತಿ ನಿಜ. ನನ್ನ ಎರಡನೇ ತರಗತಿಯ ಮಕ್ಕಳಿಗೆ ಪರಮಪ್ರಸಾದದ ನಂತರ ಏನೂ ಹೇಳದೆ ಸುಮ್ಮನೆ ಕೂರಲು ಕಲಿಸಿದ್ದೇನೆ. ಕಣ್ಣು ಮುಚ್ಚಿ ಎಂದೂ ಹೇಳುವುದಿಲ್ಲ. "ಯೇಸು ಸ್ವಾಮಿಗಾಗಿ ಈಗ ನಿನ್ನ ಹತ್ತಿರ ಸಮಯ ಇದೆ" ಎಂದಷ್ಟೇ ಹೇಳುತ್ತೇನೆ. ಅವರು ಕೂರುತ್ತಾರೆ. ಕುಲುಕಾಡುತ್ತಾರೆ, ಆದರೆ ಕೂರುತ್ತಾರೆ.

ಮಕ್ಕಳು ಮೇಜಿಗೆ ಯಾವ ವಯಸ್ಸಿನಲ್ಲಿ ಬರಬೇಕು ಎಂಬುದು ಸಭೆಯಿಂದ ಸಭೆಗೆ ಬೇರೆ. ನಮ್ಮಲ್ಲಿ 1910ರಲ್ಲಿ ಪೋಪ್ ಹತ್ತನೇ ಪಯಸ್ ಅದನ್ನು ಸುಮಾರು ಏಳು ವರ್ಷಕ್ಕೆ ಇಳಿಸಿದರು. ಆರ್ಥಡಾಕ್ಸ್ ಸಭೆಗಳಲ್ಲಿ ಸ್ನಾನದೀಕ್ಷೆ ಆದ ಕೂಸಿಗೂ ಕೊಡುತ್ತಾರೆ. ನಿಮ್ಮ ಸಭೆಯಲ್ಲಿ ದೃಢೀಕರಣದ (ಬೆಳೆದ ಮೇಲೆ ತಾವೇ ವಿಶ್ವಾಸವನ್ನು ಒಪ್ಪಿಕೊಳ್ಳುವ ವಿಧಿಯ) ನಂತರವೇ ಎಂದಿದ್ದರೆ, ಅಲ್ಲಿಯವರೆಗೆ ಮಕ್ಕಳು ಬೆಂಚಿನಲ್ಲೇ ಉಳಿಯದೆ ಎದ್ದು ಬಂದು ಆಶೀರ್ವಾದ ಪಡೆಯಲು ಅವಕಾಶ ಕೇಳಿ. ಗುರುಗಳು ಮಗುವಿನ ಹೆಸರು ಹಿಡಿದು ತಲೆ ಮೇಲೆ ಕೈ ಇಡಲಿ. ಹೆಸರು ಗೊತ್ತಿರಬೇಕು. ಅದನ್ನು ಕಲಿತುಕೊಳ್ಳುವುದು ದೊಡ್ಡವರ ಕೆಲಸ.

ಉತ್ತರ: ಹಿರಿಯ ಸದಸ್ಯ

ಗಲಾಟೆ ಎನ್ನುವ ಹಿರಿಯರ ಪರವಾಗಿ ಒಬ್ಬ ಹಿರಿಯನ ಮಾತು ಕೇಳಿ. ನಾನು ಶ್ರವಣಯಂತ್ರ ಹಾಕುತ್ತೇನೆ. ಮಗುವಿನ ಅಳು ನನಗೆ ತೊಂದರೆ ಕೊಡುವುದಿಲ್ಲ. ಮರದ ಬೆಂಚಿನ ಮೇಲೆ ಪ್ಲಾಸ್ಟಿಕ್ ಕಾರು ಓಡಿಸಿದರೆ ಆ ಸದ್ದು ಯಂತ್ರದಲ್ಲಿ ದೊಡ್ಡದಾಗಿ ಬಂದು ಪ್ರಸಂಗದ ಮಾತನ್ನು ಪೂರ್ತಿ ನುಂಗುತ್ತದೆ. ನಮಗೆ ಮಕ್ಕಳು ಬೇಡವೆಂದಲ್ಲ, ಕೇಳಿಸುವುದಿಲ್ಲ. ಅದಕ್ಕೆ ಉಪಾಯ ಇದೆ. ಬಟ್ಟೆಯ ಆಟಿಕೆ ಕೊಡಿ, ಬೆಂಚಿನ ಮೇಲೆ ಮೆತ್ತನೆಯ ಹಾಸು ಹಾಕಿ. ಮಕ್ಕಳು ಓದುವಾಗ ಮೈಕ್ ಸರಿಯಾಗಿರಲಿ ಎಂದು ಮೇಲೆ ಬರೆದವರು ಹೇಳಿದ್ದನ್ನು ಎರಡು ಸಲ ಓದಿ. ನಮಗೆ ಒಂದು ಅಕ್ಷರವೂ ಕೇಳದಿದ್ದರೆ "ಪಾಪ, ಎಷ್ಟು ಮುದ್ದಾಗಿ ಓದಿತು" ಎನ್ನುವುದೊಂದೇ ಉಳಿಯುತ್ತದೆ. ಆ ಮಗು ಓದಿದ್ದು ದೇವರ ವಾಕ್ಯ. ನಮಗೆ ಅದು ಕೇಳಬೇಕು.

ಇನ್ನೊಂದು ಆಸೆ. ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಮಗುವಿನ ಹೆಸರು ಬರೆದುಕೊಡಿ, ವರ್ಷವಿಡೀ ಆ ಮಗುವಿಗಾಗಿ ನಾವು ಪ್ರಾರ್ಥಿಸುತ್ತೇವೆ. ಮಕ್ಕಳಿಗೂ ನಮ್ಮ ಹೆಸರು ಕೊಡಿ. ನಮಗಾಗಿ ಪ್ರಾರ್ಥಿಸುವವರು ನಮಗೂ ಬೇಕು.

ಪ್ರಶ್ನೆ ಕೇಳಿದವರು: ಸಂಡೇ ಸ್ಕೂಲ್ ಟೀಚರ್

ಎಲ್ಲರಿಗೂ ಹೃದಯದಿಂದ ವಂದನೆ. ಪೂರ್ತಿ ಪ್ರಿಂಟ್ ತೆಗೆದು ಪಾಸ್ಟರಿಗೆ ಕೊಟ್ಟೆ. ಮಕ್ಕಳನ್ನು ಪ್ರಸಂಗದ ಹೊತ್ತಿಗೆ ಮಾತ್ರ ಕರೆದುಕೊಂಡು ಹೋಗಿ ಪ್ರಾರ್ಥನೆಗೆ ಮುಂಚೆ ವಾಪಸ್ ತರುವುದಕ್ಕೆ ಅವರು ಕೂಡಲೇ ಒಪ್ಪಿದರು. ವಿಜ್ಞಾಪನೆಯ ಉತ್ತರ ಮಕ್ಕಳದು. ಆ ಹುಡುಗಿಯನ್ನು ಕೇಳಿದೆ, ಓದುತ್ತೀಯಾ ಅಂತ. "ಮೈಕ್ ಬೇಡ, ಪ್ರಾರ್ಥನೆ ಬರೆದುಕೊಡಲಾ?" ಎಂದಳು. ಬರೆಯಲಿ, ಯಾರಾದರೂ ಓದುತ್ತಾರೆ. ಮಕ್ಕಳ ಭಾನುವಾರದ ವಿಷಯ ಮಾತ್ರ ಕಮಿಟಿಯಲ್ಲಿ ಇನ್ನೂ ಮಾತಾಡಬೇಕು. ಒಂದು ಕೊನೆಯ ಪ್ರಶ್ನೆ: ಶನಿವಾರದ ಅಭ್ಯಾಸಕ್ಕೆ ನಾನೊಬ್ಬಳೇ ಇದ್ದರೆ ಸಾಕಾ? ನಮ್ಮ ಆರಾಧನೆ ಲೈವ್ ಕೂಡ ಹೋಗುತ್ತದೆ.

ಉತ್ತರ: ವಾಚಕರ ತಂಡ ನೋಡಿಕೊಳ್ಳುವವರು

ಒಬ್ಬರೇ ಬೇಡ. ಯಾವಾಗಲೂ ದೊಡ್ಡವರು ಇಬ್ಬರು ಇರಬೇಕು, ಅವರು ಒಂದೇ ಮನೆಯವರಾಗಿರದಿದ್ದರೆ ಒಳ್ಳೆಯದು. ಬಾಗಿಲು ತೆರೆದಿರಲಿ. ತಂದೆತಾಯಿ ಬಂದು ಕೂರಬಹುದು ಎಂದು ಮೊದಲೇ ಹೇಳಿ. ಇದು ಯಾರ ಮೇಲೂ ಅನುಮಾನ ಅಲ್ಲ, ಎಲ್ಲ ಕಡೆ ಇರಬೇಕಾದ ನಿಯಮ. ಲೈವ್‌ಗೆ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಮಗುವನ್ನೂ ಕೇಳಿ. ಒಪ್ಪದಿದ್ದರೆ ಆ ಹೊತ್ತಿನಲ್ಲಿ ಕ್ಯಾಮೆರಾ ಶಿಲುಬೆಯ ಕಡೆಗೋ ಸ್ಲೈಡ್ ಕಡೆಗೋ ತಿರುಗಲಿ, ದನಿಯೂ ಬೇಡ ಎಂದರೆ ಆ ಭಾಗದ ಆಡಿಯೋ ನಿಲ್ಲಿಸಿ. ಒಪ್ಪಿಗೆ ಕೊಡಲಿಲ್ಲ ಎಂದು ಓದುವ ಅವಕಾಶ ಮಾತ್ರ ತಪ್ಪಬಾರದು. ಮೊದಲ ವಾಚನಕ್ಕೆ ಲೂಕ 19:1ರಿಂದ 10 ಕೊಡಿ. ಜಕ್ಕಾಯನ ಕತೆ ಎಲ್ಲ ಮಕ್ಕಳಿಗೂ ಗೊತ್ತು, ಕಷ್ಟದ ಹೆಸರುಗಳೂ ಕಡಿಮೆ.